ಕಿಟಕಿಯ ಕೆಳಗಿನ ಮೂರು ತೂತು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಬೀಗಿತ್ತಿಯವರಿಗೆ,

ನಿಮ್ಮ ಪತ್ರ ಬಂತು. ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ, ನಿಮ್ಮ ಮಗಳೂ ಸೇರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಮೊದಲ ಪುಟ ಓದಿದವರಿಗೆ ನಾನು ಅವಳನ್ನು ಕಿಟಕಿಗೆ ಕಟ್ಟಿಹಾಕಿದ್ದೇನೆ ಅನ್ನಿಸಬೇಕು. ಕಟ್ಟಡದ ಡಿಪ್ಲೊಮಾ ಓದಿದ ಹುಡುಗಿಯ ಕೈಗೆ ಬಕೆಟ್ಟು, ಹಳೇ ಬನಿಯನ್ನು ಕೊಟ್ಟು ಗಾಜು ಒರೆಸಲು ನಿಲ್ಲಿಸಿದ್ದೀರಿ ಎಂದು ಬರೆದಿದ್ದೀರಿ. ಬನಿಯನ್ನು ನಮ್ಮ ಯಜಮಾನರದು, ಚೆನ್ನಾಗಿ ಒಗೆದದ್ದು. ಉಳಿದದ್ದೆಲ್ಲ ನಿಜ.

ನೀವು ಕೇಳಿದ್ದು ನನಗೆ ಅರ್ಥವಾಗಿದೆ. ನಿಮ್ಮ ಊರಿನಲ್ಲಿ ಮನೆ ಕಟ್ಟಿ ಮಾರುವವರ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ ಸಿಗುವಂತಿದೆ. ಕೊಂಡವರ ಕೈಗೆ ಬೀಗದ ಕೈ ಕೊಡುವ ಮೊದಲು ಬಾಗಿಲು, ಕಿಟಕಿ, ನಲ್ಲಿ, ಗೋಡೆ ಎಲ್ಲವನ್ನೂ ಪರೀಕ್ಷಿಸಿ ಕುಂದುಕೊರತೆ ಹೇಳುವ ಕೆಲಸ. ಅವರು ಮುಂದಿನ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ. ಮಗಳನ್ನು ಫೋನಿನಲ್ಲಿ ಕೇಳಿದರೆ 'ನೋಡೋಣ ಅಮ್ಮ' ಎಂದು ಜಾರಿಕೊಳ್ಳುತ್ತಾಳೆ, ಅದಕ್ಕೇ ನನ್ನನ್ನು ನೇರವಾಗಿ ಕೇಳುತ್ತಿದ್ದೀರಿ: ಕಳಿಸಿಕೊಡುತ್ತೀರೋ ಇಲ್ಲವೋ. ಹಡಗಿನಲ್ಲಿರುವ ನನ್ನ ಮಗನನ್ನೂ ನಾನು ವಿಚಾರಿಸಿದೆ. ಹೇಗೂ ವರ್ಷದ ಅರ್ಧ ಭಾಗ ನೀರಿನ ಮೇಲಿರುವವನು. 'ನೀವಿಬ್ರೂ ಏನ್ ಹೇಳ್ತೀರೋ ಹಾಗೇ ಆಗ್ಲಿ' ಅಂದ. ಅಪ್ಪನ ಮಗ. ಅಪ್ಪನೂ ಮದುವೆಯಾದಾಗಿನಿಂದ ಇದೇ ಒಂದು ಮಾತು ಹೇಳಿಕೊಂಡು ಸುಖವಾಗಿದ್ದಾರೆ.

ಉತ್ತರ ಕೊಡುತ್ತೇನೆ, ಅವಸರ ಮಾಡಬೇಡಿ. ಅದಕ್ಕೆ ಮೊದಲು ನಿಮ್ಮ ಮಗಳು ನಮ್ಮ ಮನೆಯ ಕಿಟಕಿಗಳಿಗೆ ಏನು ಮಾಡಿದಳು ಎಂಬುದನ್ನು ನೀವು ಕೇಳಬೇಕು. ಹೆತ್ತ ತಾಯಿ ನೀವಾದರೂ ಇದು ನಿಮಗೆ ಗೊತ್ತಿರಲಿಕ್ಕಿಲ್ಲ.

ಕಿಟಕಿಯ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು ಎಂದು ಈ ಬೀದಿಯಲ್ಲೆಲ್ಲ ಹೆಸರಾಗಿದೆ. ಆಗಲಿ. ಮಳೆಗಾಲಕ್ಕೆ ಮುಂಚೆ ಮನೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಅಡುಗೆಮನೆಯ ಕಿಟಕಿ ಮರದ್ದು. ಅದರ ಚೌಕಟ್ಟಿನ ಕೆಳಮೂಲೆಗಳನ್ನು ಚಮಚದ ಹಿಡಿಯಿಂದ ಒತ್ತಿ ನೋಡುತ್ತೇನೆ; ಮೆತ್ತಗಾಗಿದ್ದರೆ ಒಳಗೆ ಕೊಳೆಯಲು ಶುರುವಾಗಿದೆ ಎಂದು ಲೆಕ್ಕ. ಉಳಿದವೆಲ್ಲ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಅತ್ತಿತ್ತ ಸರಿಯುವ ಗಾಜಿನವು. ಅವಕ್ಕೆ ಸುತ್ತಲಿನ ರಬ್ಬರು ಮೂಲೆಗಳಲ್ಲಿ ಕುಗ್ಗಿದೆಯೇ, ಕೊಂಡಿ ಸರಿಯಾಗಿ ಕೂರುತ್ತದೆಯೇ ಎಂದು ನೋಡಬೇಕು. ಕಾಗದದ ಚೂರೊಂದನ್ನು ನಡುವೆ ಸಿಕ್ಕಿಸಿ ಕಿಟಕಿ ಮುಚ್ಚಿ ಎಳೆಯುತ್ತೇನೆ. ಸಲೀಸಾಗಿ ಬಂದರೆ ಗಾಳಿಗೂ ಅಲ್ಲಿ ದಾರಿ ಇದೆ ಎಂದೇ ಅರ್ಥ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ, ಮನೆ ಕಾಯುತ್ತಾ ಕಾಯುತ್ತಾ ನಾನೇ ಕಂಡುಕೊಂಡದ್ದು. ಆ ಜಂಬವೂ ನನಗೆ ಚೆನ್ನಾಗಿಯೇ ಇದೆ.

ನಿಮ್ಮ ಮಗಳು ಬಂದ ಹೊಸತರಲ್ಲಿ ಸುಮ್ಮನೆ ನನ್ನ ಹಿಂದೆ ಹಿಂದೆ ಬಂದಳು. ಬಟ್ಟೆ ಕೇಳಿದರೆ ಬಟ್ಟೆ ಕೊಟ್ಟಳು, ಎಣ್ಣೆ ಕೇಳಿದರೆ ಎಣ್ಣೆ. ಓದಿದವಳು, ಈಗ ಬಾಯಿ ಹಾಕುತ್ತಾಳೆ, ಆಗ ಹಾಕುತ್ತಾಳೆ ಎಂದು ನಾನು ಕಾಯುತ್ತಲೇ ಇದ್ದೆ. ಹಾಕಲೇ ಇಲ್ಲ. ಮಲಗುವ ಕೋಣೆಯ ಕಿಟಕಿ ಒಂದಿತ್ತು, ಸೊಂಟ ಕೊಟ್ಟು ನೂಕಿದರೂ ಅಲುಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಇಡೀ ಗಾಜನ್ನು ಎತ್ತಿ ಕೆಳಗಿಳಿಸಿ, ಅಡಿಯ ಪುಟ್ಟ ಚಕ್ರಕ್ಕೆ ಸುತ್ತಿಕೊಂಡಿದ್ದ ಕೂದಲನ್ನೆಲ್ಲ ಬಿಡಿಸಿ ತೆಗೆದು ಮತ್ತೆ ಕೂರಿಸಿದ್ದಳು. ಅದು ಈಗ ಕಿರುಬೆರಳಿಗೆ ಸರಿಯುತ್ತದೆ. ಆ ಕೂದಲು ಯಾರದೆಂದು ಅವಳು ಹೇಳಲಿಲ್ಲ. ಮನೆಯಲ್ಲಿ ಅಷ್ಟುದ್ದ ಬಿಳಿ ಕೂದಲು ಇರುವುದು ನನಗೊಬ್ಬಳಿಗೇ.

ಹೊಗಳುತ್ತಿದ್ದೇನೆ ಎಂದು ಉಬ್ಬಬೇಡಿ. ಅವಳು ಮಾಡುವ ಟೀ ನೀರಾಗಿರುತ್ತದೆ. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಬಿಸಾಡುತ್ತಾಳೆ. ಹಾಡು ಬರುವುದಿಲ್ಲ, ಆದರೂ ಹಾಡುತ್ತಾಳೆ.

ಈಗ ಹಾಲ್‌ನ ದೊಡ್ಡ ಕಿಟಕಿಗೆ ಬರುತ್ತೇನೆ. ಅದರ ಕೆಳಗಿನ ಗೋಡೆ ಪ್ರತಿ ಮಳೆಗಾಲದಲ್ಲೂ ನೆನೆಯುತ್ತಿತ್ತು. ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದು ಉದುರುತ್ತಿತ್ತು. ಕಟ್ಟಿದ ಮೇಸ್ತ್ರಿಗೆ ಬೈದೆ, ಬಣ್ಣದವನಿಗೆ ಬೈದೆ, ಮಳೆಗೂ ಬೈದೆ. ಗಾಜು ಸರಿದಾಡುವ ಕೆಳಗಿನ ಕಾಲುವೆಯಿದೆಯಲ್ಲ, ಅದರ ಹೊರಬದಿಯಲ್ಲಿ ಮೂರು ತೂತುಗಳಿದ್ದವು. ಕಿಟಕಿ ಕೂರಿಸಿದವನು ಸ್ಕ್ರೂ ಹಾಕಲೆಂದು ಕೊರೆದು ಮರೆತುಹೋಗಿದ್ದಾನೆ ಎಂದೇ ನಾನು ತಿಳಿದದ್ದು. ಇರುವೆ ಬರುವುದೂ ಅಲ್ಲಿಂದ, ನೀರು ಬರುವುದೂ ಅಲ್ಲಿಂದ ಎಂದು ತೀರ್ಮಾನ ಮಾಡಿ ಬಿಳಿ ಸಿಮೆಂಟು ಕಲಸಿ ಮೆತ್ತಿದೆ. ವರ್ಷ ವರ್ಷವೂ ಮೆತ್ತಿದೆ. ಗೋಡೆ ಹೆಚ್ಚು ನೆನೆದಷ್ಟೂ ಇನ್ನೂ ದಪ್ಪಗೆ ಮೆತ್ತಿದೆ. ಯಜಮಾನರು ಸಿಮೆಂಟಿನ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು, ಅದು ಅವರ ಪಾಲಿನ ಕೆಲಸ.

ಕಳೆದ ಮಳೆಗಾಲದಲ್ಲಿ ಗೋಡೆ ನೆನೆಯಲಿಲ್ಲ. ಅಂಗೈ ಇಟ್ಟು ಇಟ್ಟು ನೋಡಿದೆ, ಒಣಗಿದ ಹಾಗೇ ಇತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅನ್ನಿ. ಆ ವರ್ಷ ಸಿಮೆಂಟಿಗೆ ಸ್ವಲ್ಪ ಅಂಟು ಬೆರೆಸಿದ್ದೆ, ಅದರದೇ ಮಹಿಮೆ ಎಂದು ಬಂದವರಿಗೆಲ್ಲ ಹೇಳಿದೆ. ಎದುರು ಮನೆಯ ಟೀಚರ್ ತಮ್ಮ ಗೋಡೆಯೂ ನೆನೆಯುತ್ತಿದೆ ಎಂದು ಕೇಳಿಕೊಂಡು ಬಂದರು. ಅವರನ್ನು ಕಿಟಕಿಯ ಮುಂದೆ ನಿಲ್ಲಿಸಿ ಪಾಠವನ್ನೇ ಮಾಡಿದೆ. 'ಎಷ್ಟು ತೂತಿದ್ಯೋ ಅಷ್ಟನ್ನೂ ಮುಚ್ಚಿ, ಒಂದನ್ನೂ ಬಿಡ್ಬೇಡಿ' ಅಂದೆ. ನಿಮ್ಮ ಮಗಳು ಟೀ ತಂದುಕೊಟ್ಟು, ತಟ್ಟೆ ಎದೆಗೆ ಒತ್ತಿಕೊಂಡು, ಬಹಳ ಗಮನವಿಟ್ಟು ಕೇಳುತ್ತಾ ನಿಂತಿದ್ದಳು.

ಈ ವರ್ಷ ಮತ್ತೆ ಪರೀಕ್ಷೆಗೆ ಹೊರಟೆ. ಮೇಲಿನ ರಬ್ಬರು ನೋಡಲು ಸ್ಟೂಲ್ ಹತ್ತಿ ನಿಂತು ಕೆಳಗೆ ಕಣ್ಣು ಹಾಯಿಸಿದರೆ, ಕಾಲುವೆಯಲ್ಲಿ ಮೂರು ಕಡೆ ಬೆಳಕು ಕಂಡಿತು. ಇಳಿದು ಬಗ್ಗಿ ನೋಡಿದೆ. ನನ್ನ ಸಿಮೆಂಟಿನ ಚೂರೂ ಇಲ್ಲ. ತಾನಾಗಿ ಉದುರಿದ್ದಲ್ಲ, ಯಾರೋ ದಬ್ಬಳದಿಂದ ಕೆರೆದು ಕೆರೆದು ತೆಗೆದು, ಅಂಚನ್ನು ಉಜ್ಜಿ ನುಣುಪು ಮಾಡಿದ್ದಾರೆ. ಪ್ರತಿಯೊಂದು ತೂತಿನ ಬಾಯಿಗೂ ಸೊಳ್ಳೆ ಜಾಲರಿಯ ಪುಟ್ಟ ಚೂರು ಅಂಟಿಸಿದ್ದಾರೆ, ಇರುವೆ ಬಾರದ ಹಾಗೆ. ಒಂದು ಮಗ್ಗು ನೀರು ತಂದು ಕಾಲುವೆಗೆ ಹೊಯ್ದೆ. ನೀರು ತಿರುಗಿ ನೋಡದೆ ಆ ತೂತುಗಳಿಂದ ಹೊರಕ್ಕೆ ಹರಿದುಹೋಯಿತು. ತೂತುಗಳಿಗೆ ಬಟ್ಟೆ ತುರುಕಿ ಇನ್ನೊಂದು ಮಗ್ಗು ಹೊಯ್ದೆ. ನೀರು ಕಾಲುವೆಯಲ್ಲಿ ತುಂಬಿ, ಒಳಗಿನ ಅಂಚು ದಾಟಿ, ನನ್ನ ಕಣ್ಣೆದುರಿಗೇ ಗೋಡೆಯ ಮೇಲೆ ಇಳಿಯಿತು. ಬೀಗಿತ್ತಿಯವರೇ, ಮಳೆನೀರು ಹೊರಗೆ ಹೋಗಲಿ ಎಂದು ಬೇಕೆಂದೇ ಕೊರೆದಿದ್ದ ತೂತುಗಳವು. ಇಷ್ಟು ವರ್ಷ ನನ್ನ ಗೋಡೆಯನ್ನು ನೆನೆಸಿದವಳು ನಾನೇ.

ಉಳಿದ ರಬ್ಬರು ನೋಡಿ ಮುಗಿಸೋಣವೆಂದು ಮತ್ತೆ ಸ್ಟೂಲ್ ಹತ್ತಿದೆ, ಮನಸ್ಸು ಮಾತ್ರ ಎಲ್ಲೋ ಇತ್ತು. ಹತ್ತಿದ್ದಕ್ಕಿಂತ ಸ್ವಲ್ಪ ಬೇಗ ಇಳಿದೆ. ಅದೇನೂ ದೊಡ್ಡ ವಿಷಯವಲ್ಲ, ಬೇರೆ ಯಾರಾದರೂ ಬೇರೆ ರೀತಿ ಹೇಳಿದರೆ ನಂಬಬೇಡಿ.

ಮರುದಿನ ಎದುರು ಮನೆಯ ಟೀಚರ್ ಬಂದರು. ಮಾತಿಗೆ ಮಾತು ಬಂದು, ಅವರ ಕಿಟಕಿಯ ತೂತುಗಳನ್ನೂ ಬಿಡಿಸಿಬಿಡಿ, ನಾನು ಹೇಳಿದ್ದು ತಪ್ಪು ಎಂದು ಹೇಳಲು ಬಾಯಿ ತೆರೆದೆ. ಅಷ್ಟು ಸುಲಭವಾಗಿ ಬರಲಿಲ್ಲ ಆ ಮಾತು, ಒಂದೆರಡು ಸಲ ಕೆಮ್ಮಬೇಕಾಯಿತು. ಅವರು ನಕ್ಕುಬಿಟ್ಟರು. 'ಅಯ್ಯೋ, ನಾವು ಮುಚ್ಚಲೇ ಇಲ್ವಲ್ಲ! ಅವತ್ತು ಸಂಜೇನೇ ನಿಮ್ಮ ಸೊಸೆ ಬಂದು, ಅತ್ತೆ ಕಿಟಕಿ ಬೇರೆ ಥರದ್ದು, ನಿಮ್ಮದು ಬೇರೆ ಥರದ್ದು, ನಿಮ್ಮದಕ್ಕೆ ಸಿಮೆಂಟ್ ಹಾಕ್ಬೇಡಿ, ಇರೋ ಕಸ ತೆಗೀರಿ ಅಂತ ಹೇಳಿ ಹೋದ್ರು' ಅಂದರು. ಎರಡೂ ಮನೆಗಳಿಗೆ ಒಬ್ಬನೇ ಮೇಸ್ತ್ರಿ, ಒಂದೇ ಅಂಗಡಿಯ ಕಿಟಕಿ, ಒಂದೇ ವಾರದಲ್ಲಿ ಕೂರಿಸಿದ್ದು.

ಅವರು ಹೋದ ಮೇಲೆ ಮತ್ತೆ ಕಿಟಕಿಯ ಹತ್ತಿರ ಹೋಗಿ ಆ ಮೂರು ತೂತುಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದೆ. 'ಅತ್ತೆ, ನೀವು ಮಾಡ್ತಿರೋದು ತಪ್ಪು' ಎಂದು ಅವಳು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಅಂದಿದ್ದರೆ ನಾನೇನು ಮಾಡುತ್ತಿದ್ದೆ ಎಂಬುದೂ ಅವಳಿಗೆ ಗೊತ್ತು: ದಿನಗಟ್ಟಲೆ ಮಾತು ಬಿಡುತ್ತಿದ್ದೆ. ಅದಕ್ಕೆ ಹೆದರಿ ಸುಮ್ಮನಿದ್ದುಬಿಟ್ಟಿದ್ದರೆ ಅದು ಬೇರೆ ಮಾತು. ಗೋಡೆಯನ್ನೂ ಒಣಗಿಸಿದಳು, ನನ್ನ ಜಂಬಕ್ಕೂ ಒಂದು ಹನಿ ನೀರು ತಾಗದಂತೆ ನೋಡಿಕೊಂಡಳು, ಎದುರು ಮನೆಯವರ ಗೋಡೆಯನ್ನೂ ಉಳಿಸಿದಳು. ನಾನು ಊರೆಲ್ಲ ಡಂಗುರ ಸಾರುವಾಗ ತುಟಿಯ ಕೊನೆಯಲ್ಲೂ ನಗಲಿಲ್ಲ. ನನ್ನ ಅತ್ತೆಗೆ ನಾನು ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ, ನನ್ನ ತಾಯಿಗೂ ಕೊಟ್ಟಿದ್ದೆನೋ ಇಲ್ಲವೋ. ನನಗೆ ಇದೆಲ್ಲ ತಿಳಿದುಹೋಗಿದೆ ಎಂದು ನಾನು ಅವಳಿಗೆ ಇವತ್ತಿನವರೆಗೂ ಹೇಳಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರ ಕೈಗೆ ಬಂದಾಗ ಕಳಿಸುವುದಿಲ್ಲ ಎಂದೇ ಬರೆಯಬೇಕೆಂದಿದ್ದೆ. ಸಬೂಬುಗಳನ್ನೂ ಜೋಡಿಸಿಟ್ಟಿದ್ದೆ: ಯಜಮಾನರಿಗೆ ಮಂಡಿ ನೋವು, ಮಳೆಗಾಲ ಬಂತು, ಮಗ ಬಂದಾಗ ಮನೆಯಲ್ಲಿ ಹೆಂಡತಿ ಇರಬೇಕು. ಒಂದೂ ನಿಜವಲ್ಲ. ಅವಳಿಲ್ಲದ ಮನೆ ನನಗೆ ಬೇಡ, ಇದಿಷ್ಟೇ ನಿಜ.

ಆದರೆ ಆ ತೂತುಗಳನ್ನು ನೋಡಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಅಷ್ಟು ಬುದ್ಧಿಯಿರುವ ಹುಡುಗಿ, ಆ ಬುದ್ಧಿಯ ಮುಕ್ಕಾಲು ಪಾಲನ್ನು ನನ್ನ ಮಾನ ಕಾಯುವುದಕ್ಕೇ ಖರ್ಚು ಮಾಡುತ್ತಿದ್ದಾಳೆ. ಇಲ್ಲಿ ತಪ್ಪು ಕಂಡರೆ ದಬ್ಬಳ ಹಿಡಿದು ಕದ್ದು ಸರಿಪಡಿಸಬೇಕು. ಅಲ್ಲಿ ತಪ್ಪು ಕಂಡರೆ 'ಇದು ತಪ್ಪು' ಎಂದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳುವುದೇ ಅವಳ ಕೆಲಸ, ಹೇಳಿದರೆ ಸಂಬಳವನ್ನೂ ಕೊಡುತ್ತಾರೆ. ಅವಳು ಹಾಗೆ ಗಟ್ಟಿಯಾಗಿ ಹೇಳುವುದನ್ನು ಕೇಳಬೇಕೆಂದು ನನಗೇ ಆಸೆಯಾಗಿದೆ. ಅತ್ತೆಗೆ ಕಷ್ಟವಾಗುತ್ತದೆ, ಮಾವನಿಗೆ ಆಗುವುದಿಲ್ಲ ಎಂದು ಅವಳೇನಾದರೂ ರಾಗ ಎಳೆದರೆ ಕಿವಿಗೆ ಹಾಕಿಕೊಳ್ಳಬೇಡಿ. ಯಜಮಾನರಿಗೆ ಬಟ್ಟಲು ಹಿಡಿಯುವುದಲ್ಲದೆ ಬೇರೆ ಕೆಲಸವನ್ನೂ ಕಲಿಸುತ್ತೇನೆ, ಇನ್ನೂ ಕಲಿಯುವ ವಯಸ್ಸು ಅವರದು.

ದಯವಿಟ್ಟು ನೀವೇ ಬಂದು ಅವಳನ್ನು ಕರೆದುಕೊಂಡು ಹೋಗಿ.

ಬಂದಾಗ ಒಂದೆರಡು ದಿನ ನಿಲ್ಲುವ ಹಾಗೆ ಬನ್ನಿ. ನಮ್ಮ ಕಿಟಕಿಗಳನ್ನೆಲ್ಲ ನಿಮಗೆ ತೋರಿಸಬೇಕು.

ಇತಿ,
ನಿಮ್ಮ ಮಗಳನ್ನು ನಿಮಗಿಂತ ತಡವಾಗಿ ಅರ್ಥ ಮಾಡಿಕೊಂಡ
ನಿಮ್ಮ ಬೀಗಿತ್ತಿ

ಮರೆತ ಮಾತು: ಅಮ್ಮಾ, ಇದು ನಾನು. ಅತ್ತೆ ಸಹಿ ಹಾಕಿ ಒಳಗೆ ಹೋದರು. ಲಕೋಟೆ ಅಂಟಿಸುವ ಮೊದಲು ಇಷ್ಟನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡಿದ ಪತ್ರ, ಸೊಟ್ಟ ಸಹಿ ನೋಡಿ ನಿನಗೆ ಅನುಮಾನ ಬಂದೇ ಇರುತ್ತದೆ. ಅವರ ಬಲಗೈ ಮಣಿಕಟ್ಟು ಮುರಿದಿದೆ. ಸ್ಟೂಲಿನಿಂದ ಬೇಗ ಇಳಿದೆ ಅಂದರಲ್ಲ, ಅದು ಬಿದ್ದದ್ದು. ನಿನಗೆ ತಿಳಿದರೆ ನೀನು ನನ್ನನ್ನು ಕರೆಯುವುದನ್ನೇ ಬಿಟ್ಟುಬಿಡುತ್ತೀಯ ಎಂದು ನನ್ನ ಬಾಯಿ ಕಟ್ಟಿಹಾಕಿದ್ದರು.

ಮೇಲಿನದೆಲ್ಲ ಅವರು ಹೇಳಿದ್ದು, ನಾನು ಟೈಪ್ ಮಾಡಿದ್ದು, ನನ್ನ ಟೀ ನೀರಾಗಿರುತ್ತದೆ ಎಂಬುದೂ ಸೇರಿ. ಮದುವೆಯಾಗಿ ಬಂದಾಗಿನಿಂದ ನನ್ನ ಮುಖ ನೋಡಿ ಒಂದು ಒಳ್ಳೆಯ ಮಾತು ಆಡಿದವರಲ್ಲ. ಇವತ್ತು ನನಗೆ ಬೆನ್ನು ಹಾಕಿ ಕೂತು, ನಾನು ಕೋಣೆಯಲ್ಲೇ ಇಲ್ಲವೆಂಬಂತೆ ಹೇಳುತ್ತಾ ಹೋದರು. ತೂತುಗಳ ವಿಷಯ ಬಂದಾಗ ನನ್ನ ಕೈ ನಿಂತುಬಿಟ್ಟಿತು. 'ಯಾಕೆ, ಟಕಟಕ ನಿಂತೋಯ್ತು?' ಅಂದರು. ಕಣ್ಣಿಗೆ ಏನೋ ಬಿತ್ತು ಅತ್ತೆ ಅಂದೆ. 'ಒರೆಸ್ಕೊಂಡು ಮುಂದೆ ಹೊಡಿ' ಅಂದರು.

ಕರೆದುಕೊಂಡು ಹೋಗಿ ಎಂಬ ಒಂದು ಸಾಲನ್ನು ಮಾತ್ರ ನಾನು ಟೈಪ್ ಮಾಡಿಲ್ಲ. ಮಾಡುವುದಿಲ್ಲ ಎಂದು ಕೈ ಕಟ್ಟಿ ಕೂತೆ. ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡು ಎಡಗೈಯ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಏನೋ ತಪ್ಪು ಗುಂಡಿ ಒತ್ತಿ ಎರಡು ಸಲ ಸಾಲು ಪೂರ್ತಿ ಅಳಿಸಿಹೋಯಿತು. ಎರಡು ಸಲವೂ ಮತ್ತೆ ಮೊದಲಿನಿಂದ ಒತ್ತಿದರು. ಅಮ್ಮಾ, ಕಚೇರಿಯವರಿಗೆ ನಾನು ಬರುತ್ತೇನೆ ಎಂದು ಹೇಳು. ಅತ್ತೆಯ ಕೈಯ ಪ್ಲಾಸ್ಟರು ಬಿಚ್ಚಿಸಿದ ಮೇಲೆ ಬಂದು ಕರೆದುಕೊಂಡು ಹೋಗು.