ಪಾಸಾದ ಗಾಜು, ಅದರ ಮೇಲಿನ ಐದು ಹೆಸರು

ಮಾನ್ಯ ವಾಹನ ನಿರೀಕ್ಷಕರೇ,

ನೀವು ನನ್ನ ಕಾರನ್ನು ಪಾಸು ಮಾಡಬಾರದಿತ್ತು.

ನಿಮ್ಮ ಕಚೇರಿಗೆ ಬರುವ ದೂರುಗಳೆಲ್ಲ ಕೆಲಸ ಮಾಡಿಕೊಡಲಿಲ್ಲ ಎಂಬವೇ ಇರಬೇಕು. ನನ್ನದು ಕೆಲಸ ಮಾಡಿಕೊಟ್ಟಿರಿ ಎಂಬ ದೂರು. ಹದಿನೈದು ವರ್ಷ ತುಂಬಿದ ನನ್ನ ಬಿಳಿ ಕಾರು ಇನ್ನೂ ಐದು ವರ್ಷ ರಸ್ತೆಯ ಮೇಲೆ ಓಡಲು ಯೋಗ್ಯವಾಗಿದೆ ಎಂದು ಕಳೆದ ಭಾದ್ರಪದದಲ್ಲಿ ನೀವು ಸಹಿ ಹಾಕಿದಿರಿ. ಆ ಕಾರಿನ ಮುಂದಿನ ಗಾಜು ಎಡತುದಿಯಿಂದ ಚಾಲಕನ ಕಣ್ಣಿನವರೆಗೆ ಸೀಳಿತ್ತು. ನೀವು ಅದರ ಮುಂದೆಯೇ ನಿಂತಿದ್ದಿರಿ. ನಿಮಗೆ ಕಾಣದಂತೆ ಅದನ್ನು ಮುಚ್ಚಿದವನು ನಾನು. ಹೀಗಾಗಿ ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರದಲ್ಲಿ ನಿಮ್ಮತ್ತ ತೋರಿಸುವ ಬೆರಳು ಆಗಾಗ ನನ್ನ ಕಡೆಗೇ ತಿರುಗುತ್ತದೆ, ಕ್ಷಮಿಸಬೇಕು.

ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಕಬ್ಬು ಸಾಗಿಸುವ ದಿನಗಳಲ್ಲಿ ಅಂಕಲಿ ರಸ್ತೆಯ ಮೇಲೆ ಒಂದು ಟ್ರಾಕ್ಟರಿನ ಹಿಂದೆ ಹೊರಟಿದ್ದೆ. ಟ್ರೇಲರಿನ ಗಾಲಿಯಿಂದ ಕಡಲೆಕಾಳಿನಷ್ಟು ಖಡಿಕಲ್ಲು ಸಿಡಿದು ಗಾಜಿಗೆ ಟಕ್ ಎಂದು ಬಡಿಯಿತು. ಗುಲಗಂಜಿಯಷ್ಟು ಗುರುತು ಬಿತ್ತು. ಮರುದಿನ ಅದಕ್ಕೆ ಬಾಲ ಮೂಡಿತ್ತು. ಕಾಗವಾಡದಲ್ಲಿ ಗಾಡಿಗಳಿಗೆ ಗಾಜು ಕೂಡಿಸುವ ಅಮೀರನಿಗೆ ತೋರಿಸಿದೆ. ಅವನು ಒಂದೇ ನೋಟದಲ್ಲಿ ಹೇಳಿದ:

"ಕಾಕಾ, ಇದು ನಿಂತ ಕ್ರ್ಯಾಕ ಅಲ್ರಿ, ಓಡೂ ಕ್ರ್ಯಾಕ. ಬಿಸಲಿಗೆ ಒಂದ ಗೇಣ ಓಡತೈತಿ, ತಗ್ಗಿನ್ಯಾಗ ಗಾಲಿ ಬಿದ್ರ ಇನ್ನೊಂದ ಗೇಣ. ಗಾಜ ಬದಲಸ್ರಿ."

ಹಳೆಯ ಗಾಡಿ, ಗಾಜು ಸುಲಭಕ್ಕೆ ಸಿಗುವುದಿಲ್ಲ. ಅಮೀರ ಮಿರಜದವರೆಗೂ ಹುಡುಕಿ ತಂದ. ತನ್ನ ತಾಯಿ ಹೊಲಿದ ಹಳೆಯ ಕೌದಿಯಲ್ಲಿ ಸುತ್ತಿ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ. ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದ. "ಕಾಕಾ, ನಿಮ್ಮ ಗಾಜ ಬಂದ ಕುಂತೈತಿ. ನೀವು ಯಾವಾಗ ಬರ್ತೀರಿ?" ಹಳೆಯ ಗಾಜು ಕಿತ್ತು ಹೊಸದು ಅಂಟಿಸಿ ಅಂಟು ಒಣಗಲು ಒಂದು ದಿನ ಬೇಕು. ನಾನು ಕಬ್ಬು ಹೋಗಲಿ ಎಂದೆ, ಕಬ್ಬು ಹೋಯಿತು. ಮದುವೆಗಳು ಮುಗಿಯಲಿ ಎಂದೆ, ಮುಗಿದವು. ಮಳೆ ನಿಲ್ಲಲಿ ಎಂದೆ. ಆ ಒಂದು ದಿನ ನನಗೆ ಹತ್ತು ತಿಂಗಳಾದರೂ ಸಿಗಲಿಲ್ಲ. ಕೊನೆಗೆ ಕಾಗವಾಡಕ್ಕೆ ಹೋದರೆ ಅಮೀರನ ಅಂಗಡಿ ತಪ್ಪಿಸಿ ಹಿಂದಿನ ಓಣಿಯಿಂದ ಹೋಗಲು ಕಲಿತೆ.

ಬದಲಿಗೆ ನಾನು ಏನು ಮಾಡಿದೆ? ರಾಯಬಾಗದಲ್ಲಿ ಸಂಭಾಜಿಯ ರೇಡಿಯಂ ಅಂಗಡಿ ಇದೆ. ಗಾಡಿಗಳ ಗಾಜಿನ ಮೇಲೆ ದೇವರ ಹೆಸರು, ಮಕ್ಕಳ ಹೆಸರು ಕತ್ತರಿಸಿ ಅಂಟಿಸುವವನು. ನಮ್ಮ ಭಾಗದಲ್ಲಿ ಹೆಸರಿಲ್ಲದ ಗಾಜು ಹಣೆಗೆ ಏನೂ ಇಲ್ಲದ ಮುಖದ ಹಾಗೆ ಬೋಳು ಕಾಣುತ್ತದೆ, ನಿಮಗೂ ಗೊತ್ತು. ಸಂಭಾಜಿ ಕೇಳಿದ:

"ಕಾಯ್ ಲಿಹೂ ಕಾಕಾ? ಏನ್ ಬರೀಲಿ?"

"ಏನರ ಬರಿ. ಒಂದ ಗೇಣ ಉದ್ದ ಇರಬೇಕು."

ಏನು ಬರೆಯಬೇಕೆಂದು ತಿಳಿಯದೆ ಅಳತೆ ಮಾತ್ರ ತಂದ ಗಿರಾಕಿ ಅವನಿಗೆ ನಾನೇ ಮೊದಲಿಗನಿರಬೇಕು. ನಾಲ್ಕು ಬೆರಳು ಅಗಲದ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ: ಅವ್ವನ ಆಶೀರ್ವಾದ. ಬಿರುಕು ಮಾಯವಾಯಿತು. ಊರಿನವರು ತಾಯಿಯನ್ನು ನೆನೆಯುವ ಮಗ ಎಂದು ಹೊಗಳಿದರು. ನಾನು ಹೊಗಳಿಸಿಕೊಂಡೆ.

ಯುಗಾದಿಯ ಬಿಸಿಲಿಗೆ ಬಿರುಕು ಪಟ್ಟಿಯ ಆಚೆ ಇಣುಕಿತು. ಅಲ್ಲಿ ನನ್ನ ಹೆಂಡತಿ ಪದ್ಮವ್ವನ ಹೆಸರು ಬಂತು. ವೈಶಾಖದಲ್ಲಿ ಮಗ ಅಮೋಲ. ಕಾಲುವೆ ದಾಟುವಲ್ಲಿನ ತಗ್ಗಿಗೆ ಗಾಲಿ ಬಿದ್ದ ದಿನ ಮಗಳು ಕೋಮಲ. ಪದ್ಮವ್ವ ಸುಮ್ಮನಿರುವವಳಲ್ಲ. "ಗಾಜ ಒಡದಾಗೊಮ್ಮೆ ನಮ್ಮ ಮ್ಯಾಲ ಪ್ರೀತಿ ಉಕ್ಕತೈತಿ ನಿಮಗ. ಹಿಂಗ ಒಡಕೋತ ಹ್ವಾದ್ರ ಬೀಗರನ್ನೂ ಹಚ್ಚಬೇಕಾಗತೈತಿ ನೋಡ್ರಿ" ಅಂದಳು. ನಾನು ನಕ್ಕೆ. ಮನೆಯವರ ಹೆಸರು ಮುಗಿದಿದ್ದವು, ಬಿರುಕು ಮುಗಿದಿರಲಿಲ್ಲ.

ನಮ್ಮ ದಿಗ್ಗೇವಾಡಿಯಲ್ಲಿ ನನ್ನ ಎದುರು ಮನೆಯವಳು ಗಿರಿಜವ್ವ. ಒಡಹುಟ್ಟಿದವಳಲ್ಲ, ಆದರೂ ನನಗಿಂತ ದೊಡ್ಡವಳಾದ್ದರಿಂದ ಚಿಕ್ಕಂದಿನಿಂದ ಅಕ್ಕಾ ಎಂದೇ ಕರೆದವನು ನಾನು. ಎರಡು ಎಮ್ಮೆ ಕಟ್ಟಿ, ಮುಂಜಾನೆ ಸಂಜೆ ಡೇರಿಗೆ ಹಾಲು ಹೊತ್ತು ನಡೆಯುವವಳು. ಒಂದು ದಿನ ಗಾಡಿಯ ಮುಂದೆ ನಿಂತು ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಎಲ್ಲಾರೂ ಅದಾರಲ್ಲೋ ವಿರೂಪಾ. ನಾ ಎಲ್ಲೆದೀನಿ?"

ಅವಳು ಚೇಷ್ಟೆಗೆ ಕೇಳಿದಳು. ನನಗೆ ಆ ಹೊತ್ತಿಗೆ ಸರಿಯಾಗಿ ಒಂದು ಹೆಸರು ಬೇಕಾಗಿತ್ತು. ಮೂರನೆಯ ದಿನ ಗಿರಿಜವ್ವ ನನ್ನ ಗಾಜಿನ ಮೇಲಿದ್ದಳು, ಸರಿಯಾಗಿ ನನ್ನ ಕಣ್ಣಿನ ಮುಂದೆ. ಅವಳ ಸಂತೋಷವನ್ನು ಏನು ಹೇಳಲಿ! ರೇಶನ್ ಕಾರ್ಡು ಬಿಟ್ಟರೆ ಬೇರೆಲ್ಲೂ ತನ್ನ ಹೆಸರು ನೋಡದವಳು. ಹಾಲು ಹಾಕಿ ಬರುವಾಗ ನಿಂತ ಗಾಡಿಯ ಹತ್ತಿರ ಬಂದು ಆ ಹೆಸರಿನ ಧೂಳನ್ನಷ್ಟೇ ಸೆರಗಿನಿಂದ ಒರೆಸಿ ಹೋಗುತ್ತಿದ್ದಳು. ಉಳಿದವರ ಧೂಳು ಹಾಗೇ.

ಈ ಗಾಜನ್ನೇ, ಮಾನ್ಯರೇ, ನಿಮ್ಮ ಮುಂದೆ ತಂದು ನಿಲ್ಲಿಸಿದೆ. ದೀಪ ಹಚ್ಚರಿ ಎಂದಿರಿ, ಹಚ್ಚಿದೆ. ಹಾರ್ನ್ ಹೊಡೀರಿ ಎಂದಿರಿ, ಹೊಡೆದೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸಿದಿರಿ. ಕಾಗದದ ವಿಷಯದಲ್ಲಿ ನಿಮ್ಮಷ್ಟು ಜಾಗರೂಕರನ್ನು ನಾನು ಕಂಡಿಲ್ಲ. ಆಮೇಲೆ ಗಾಜಿನ ಮುಂದೆ ನಿಂತು ಲಗ್ನಪತ್ರಿಕೆ ಓದಿದಂತೆ ಹೆಸರುಗಳನ್ನು ಓದಿದಿರಿ. ಹೊರಗಿನಿಂದ ಓದುವವರಿಗೆ ನಾನು ಕೊನೆಗೆ ಹಚ್ಚಿದ ಹೆಸರೇ ಮೊದಲು ಸಿಗುತ್ತದೆ.

"ಗಿರಿಜವ್ವ ಅಂದ್ರ ಮನಿಗಿ ಹಿರೇರೇನ್ರಿ?"

"ಹೌದ್ರಿ."

"ಕುಟುಂಬ ಅಂದ್ರ ಹಿಂಗಿರಬೇಕ್ರಿ ಯಜಮಾನ್ರ."

ನಿಮ್ಮ ಬೆರಳು ಪಟ್ಟಿಯ ಮೇಲೆ ಹರಿದು ಕೋಮಲಳ ಹೆಸರಿನ ಹತ್ತಿರ ಒಂದು ಗಳಿಗೆ ನಿಂತಿತು. ಉಗುರಿಗೆ ಏನಾದರೂ ಸಿಕ್ಕಿತೇ? ಸಿಕ್ಕಿಯೂ ಬಿಟ್ಟಿರೋ, ಹಿಂದೆ ನಿಂತ ಗಾಡಿಗಳ ಸಾಲು ನೋಡಿ ಅವಸರಕ್ಕೆ ಬಿಟ್ಟಿರೋ, ನಾನು ಆಣೆ ಮಾಡಿ ಹೇಳಲಾರೆ. ನೀವು ಸಹಿ ಹಾಕಿದಿರಿ. ಅಂದಿನಿಂದ ನನ್ನ ತಪ್ಪಿಗೆ ಸರಕಾರದ ಮುದ್ರೆಯ ನೆರಳು ಸಿಕ್ಕಿತು. ಅಮೀರ ಮತ್ತೆ ಫೋನು ಮಾಡಿದಾಗ "ಪಾಸ್ ಆಗೇತಿ ತಮ್ಮಾ" ಎಂದು ದರ್ಪದಿಂದಲೇ ಹೇಳಿದೆ. ಅವನು "ಗಾಜಿಗಿ ಅದೇನ ಗೊತ್ತರಿ ಕಾಕಾ" ಎಂದಷ್ಟೇ ಅಂದ.

ಕಾರ್ತಿಕದ ಒಂದು ಸಂಜೆ ಊರಿಗೆ ಮರಳುತ್ತಿದ್ದೆ. ಮುಳುಗುವ ಸೂರ್ಯ ಎದುರಿಗಿದ್ದ. ಪಟ್ಟಿಯ ಆಚೆ ಹೊರಬಿದ್ದಿದ್ದ ಬಿರುಕಿಗೆ ಬೆಳಕು ಬಡಿದು ಗಾಜೆಲ್ಲ ಉರಿಯಿತು. ಕಣ್ಣು ಕುಗ್ಗಿಸಿ ಕಪ್ಪು ಪಟ್ಟಿಯ ನೆರಳಿಗೆ ಮುಖ ತಂದೆ. ಆಗ ಮುಂದೆ ಏನೋ ಬಡಿಯಿತು, ಖಾಲಿ ಹಾಲಿನ ಕ್ಯಾನು ಡಬಡಬ ಉರುಳಿದ ಸದ್ದು ಬಂತು. ಗಿರಿಜವ್ವ ತನ್ನ ಹೆಸರಿನ ಹಿಂದೆಯೇ ನಡೆದು ಬರುತ್ತಿದ್ದಳು.

ತೊಡೆಯ ಎಲುಬು ಮುರಿದಿತ್ತು. ಅದೇ ಕಾರಿನಲ್ಲಿ ಮಿರಜಕ್ಕೆ ಒಯ್ದೆ. ಹಿಂದಿನ ಸೀಟಿನಲ್ಲಿ ಮಲಗಿ ಹಲ್ಲು ಕಚ್ಚಿಕೊಂಡೇ ನನಗೆ ಧೈರ್ಯ ಹೇಳಿದಳು: "ಬಿಸಲ ಕಣ್ಣಿಗಿ ಹೊಡೀತು, ನೀ ಏನ್ ಮಾಡ್ತಿ? ಯಾರರ ಕೇಳಿದ್ರ ಹಿತ್ತಲದಾಗ ಕಾಲ ಜಾರಿ ಬಿದ್ದಳು ಅನ್ನು." ಆಸ್ಪತ್ರೆಯಲ್ಲಿ ಕೇಳಿದರು. ಅವಳು ಹಾಗೇ ಹೇಳಿದಳು. ಬರೆದುಕೊಳ್ಳುವವರು ನನ್ನ ಮುಖ ನೋಡಿದರು.

"ಹೌದ್ರಿ" ಎಂದೆ.

ನಿಮ್ಮ ಎದುರು ಹೇಳಿದ್ದೂ ಇದೇ ಮಾತು. ಈಗ ಎರಡು ಕಾಗದಗಳಿವೆ. ಗಾಡಿ ಚೆನ್ನಾಗಿದೆ ಎಂದು ಒಂದು, ಹೆಂಗಸು ತಾನೇ ಬಿದ್ದಳು ಎಂದು ಇನ್ನೊಂದು. ಎರಡೂ ಸುಳ್ಳು, ಎರಡರ ಕೆಳಗೂ ಮುದ್ರೆ. ಈ ಎರಡು ಕಾಗದಗಳ ನಡುವೆ ನಾನು ನಿರಪರಾಧಿಯಾಗಿ ಊಟ ಮಾಡುತ್ತಿದ್ದೇನೆ. ಗಿರಿಜವ್ವ ಮನೆಗೆ ಬಂದು ಎರಡು ತಿಂಗಳಾಯಿತು, ಇನ್ನೂ ಮಂಚ ಇಳಿದಿಲ್ಲ. ಎಮ್ಮೆಗಳನ್ನು ಪದ್ಮವ್ವ ಹಿಂಡುತ್ತಾಳೆ. ನಾನು ಹೋದಾಗಲೆಲ್ಲ ಗಿರಿಜವ್ವನದು ಒಂದೇ ಪ್ರಶ್ನೆ: "ಗಾಡಿ ಮ್ಯಾಲ ನನ್ನ ಹೆಸರ ಐತಿಲ್ಲೋ? ಧೂಳ ಕುಂತಿರಬೇಕು."

ಬಿರುಕಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂದಮೇಲೆ ಬೇರೆಯವರ ಬಾಯಿಂದ ತಿಳಿಯಬಾರದೆಂದು, ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಅವಳ ಮಂಚದ ಪಕ್ಕ ಕುಳಿತು ಓದಿದೆ. ಖಡಿ ಸಿಡಿದದ್ದಕ್ಕೆ ಹೂಂಗುಟ್ಟಿದಳು, ಪದ್ಮವ್ವನ ಮಾತಿಗೆ ನಕ್ಕಳು. ಓದು ಮುಗಿದ ಮೇಲೆ ಕೇಳಿದಳು:

"ಅಂದ್ರ ಅದನ್ನ ನನ್ನ ಸಲುವಾಗಿ ಹಚ್ಚಿದ್ದಲ್ಲೇನೋ?"

ಎರಡು ಸಲ ಸುಲಭವಾಗಿ ಹೌದ್ರಿ ಎಂದಿದ್ದವನು ಈ ಸಲ ಕಾಗದ ಮಡಚತೊಡಗಿದೆ. ತನ್ನ ಕಾಲು ಮುರಿದವನ ಮೇಲೆ ಒಂದು ದಿನವೂ ಸಿಟ್ಟಾಗದವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ನಾನು ಎದ್ದು ಹೊಸ್ತಿಲು ದಾಟುವಾಗ ಹಿಂದಿನಿಂದ ಒಂದೇ ಮಾತು ಬಂತು. "ಕಳಸು ಅದನ್ನ."

ಕಳಿಸುತ್ತಿದ್ದೇನೆ. ನನ್ನ ಬೇಡಿಕೆ ಇಷ್ಟೇ. ನೀವು ಕೊಟ್ಟ ಯೋಗ್ಯತೆಯ ಕಾಗದವನ್ನು ರದ್ದು ಮಾಡಿ, ಯಾಕೆ ರದ್ದಾಯಿತೆಂದು ನಿಮ್ಮ ವಹಿಯಲ್ಲಿ ಬರೆಯಿರಿ. ನನ್ನನ್ನು ವಿಚಾರಣೆಗೆ ಕರೆಯಿರಿ. ಆಸ್ಪತ್ರೆಯ ಸುಳ್ಳನ್ನೂ ಅಲ್ಲೇ ಬರೆದುಕೊಡುತ್ತೇನೆ. ಇನ್ನು ಮುಂದೆ ನಿಮ್ಮ ಮುಂದೆ ಹಳೆಯ ಗಾಡಿ ಬಂದು ನಿಂತರೆ ಗಾಜಿನ ಮೇಲಿನ ಹೆಸರು ಓದಿ ಮೆಚ್ಚಬೇಡಿ, ಅದರ ಕೆಳಗೆ ಉಗುರು ಹಾಕಿ ನೋಡಿ. ಕಾರು ನನ್ನ ಅಂಗಳದಲ್ಲೇ ನಿಂತಿದೆ. ನಾಲ್ಕು ಹೆಸರು ನಾನೇ ಕಿತ್ತಿದ್ದೇನೆ. ಐದನೆಯದಕ್ಕೆ ಕೈ ಬರುತ್ತಿಲ್ಲ. ಇಂದು ಮುಂಜಾನೆ ಅದರ ಧೂಳು ಒರೆಸಿದೆ.

ಇಂತಿ,
ಆ ಗಾಜಿನ ಮೇಲೆ ಎಲ್ಲರ ಹೆಸರು ಹಚ್ಚಿ ತನ್ನದನ್ನು ಮಾತ್ರ ಬಿಟ್ಟಿದ್ದ
ವಿರೂಪಾಕ್ಷಪ್ಪ, ದಿಗ್ಗೇವಾಡಿ