ಬಾಗಿಲ ಆಚೆಯಿಂದ ಹೇಳಿದ್ದು

10 ಜೂನ್ 2024, ಸೋಮವಾರ

ಸಂಜೆ 5.40ಕ್ಕೆ ಗುಬ್ಬಿ ತಾಲ್ಲೂಕು ಆಫೀಸಿನಿಂದ ಹೊರಟೆ. ಇವತ್ತೂ ಎರಡು ಬಸ್ ಬಿಟ್ಟು ಮೂರನೆಯದಕ್ಕೆ ಹತ್ತಿದೆ. ಬಟವಾಡಿ ಬಡಾವಣೆಯ ಮನೆಗೆ ಬಂದರೆ ಸುಮನಾ ಕಾಫಿ ಕೊಟ್ಟು, "ಡಾಕ್ಟ್ರು ಹೇಳಿದ್ದು ಇವತ್ತಿಂದ ಶುರು ಮಾಡೋಣ ಕಣ್ರೀ" ಎಂದಳು.

ಮದುವೆಯಾಗಿ ಒಂಬತ್ತು ವರ್ಷ. ಎರಡು ವರ್ಷದಿಂದ ನಾನು ಹಾಲ್‌ನ ದಿವಾನ್ ಮೇಲೆ. ಜಗಳವಿಲ್ಲ. ಮಾತೂ ಇಲ್ಲ... ಆ ವಿಷಯದ್ದು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ದಿನಾ ಹತ್ತು ನಿಮಿಷ ಹಾಸಿಗೆಯ ವಿಷಯ ಮಾತಾಡಿ. ಮುಖ ನೋಡಲು ನಾಚಿಕೆಯಾದರೆ ನಡುವೆ ಒಂದು ಬಾಗಿಲಿರಲಿ.

ಅವಳು ಬೆಡ್‌ರೂಮಿನಲ್ಲಿ, ನಾನು ಹಾಲ್‌ನಲ್ಲಿ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತೆವು. ಹತ್ತು ನಿಮಿಷ. ಕುಕ್ಕರ್ ಮಾತ್ರ ಕೂಗಿತು.

14 ಜೂನ್

"ಸುಮಾ, ನಿಂಗೆ ನನ್ ಕಂಡ್ರೆ ಅಸಹ್ಯನಾ?" ಎಂದೆ. ನನ್ನ ದನಿ ನನ್ನದೇ ಅನ್ನಿಸಲಿಲ್ಲ.

ಬಾಗಿಲ ಆಚೆಯಿಂದ, "ಇಲ್ಲ ರೀ. ಇಲ್ಲ."

ಅಷ್ಟೇ. ಊಟಕ್ಕೆ ಕೂತಾಗ ತಟ್ಟೆಗೆ ಎರಡು ಸಲ ತುಪ್ಪ ಹಾಕಿದಳು.

20 ಜೂನ್, ಸಂಜೆ

ನನ್ನ ಕೀಲಿಯಿಂದ ಒಳಗೆ ಬಂದಾಗಲೇ ಬೆಡ್‌ರೂಮ್ ಬಾಗಿಲು ಮುಚ್ಚಿತ್ತು; ಅವಳು ಒಳಗಿದ್ದಾಳೆ ಅಂದುಕೊಂಡೆ. ಕೂತೆ. ಏನಾದರೂ ಕೇಳುವ ಮೊದಲೇ ಅವಳೇ—

"ನೋವಾಗುತ್ತೆ ಕಣ್ರೀ. ಮೊದಲ್ನೇ ದಿನದಿಂದ. ಹಲ್ಲು ಕಚ್ಕೊಂಡು ಮಲಗಿರ್ತಿದ್ದೆ. ಬೇಗ ಮುಗಿದ್ರೆ ಸಾಕು ಅನ್ಸೋದು. ಆಮೇಲೆ ನಿಮ್ಮನ್ನ ನೋಡಿ ಪಾಪ ಅನ್ಸೋದು."

ಏಳು ವರ್ಷ ಪಕ್ಕದಲ್ಲೇ ಮಲಗಿದವನು ನಾನು. ತಿಳಿಯಲಿಲ್ಲ. "ತಪ್ಪಾಯ್ತು ಸುಮಾ" ಎಂದೆ.

7.30ಕ್ಕೆ ಫೋನ್ ಬಂತು. ಸುಮನಾ. "ರೀ, ಕುಣಿಗಲ್ ಸ್ಕೂಲಲ್ಲಿ ಮೀಟಿಂಗ್ ಲೇಟಾಯ್ತು. ಬಸ್ಸು ಈಗ ಹೆಬ್ಬೂರು ದಾಟ್ತು. ಅನ್ನಕ್ಕೆ ಇಟ್ಬಿಡಿ."

ಎದ್ದು ಬಾಗಿಲು ತೆಗೆದೆ. ರೂಮು ಖಾಲಿ. ಕಿಟಕಿಗಳಿಗೆಲ್ಲ ಒಳಗಿಂದ ಚಿಲಕ. ಬಾಗಿಲ ಹಿಂದಿನ ನೆಲಕ್ಕೆ ಕೈಯಿಟ್ಟೆ. ಯಾರೋ ಈಗಷ್ಟೇ ಕೂತೆದ್ದಂತೆ ಬೆಚ್ಚಗಿತ್ತು.

21 ಜೂನ್

ಹೇಳಲಿಲ್ಲ. ಹೇಗೆ ಹೇಳಲಿ?

3 ಜುಲೈ

ಇಷ್ಟು ದಿನ ಬರೆಯಲಿಲ್ಲ. ಬಾಗಿಲ ಬಳಿ ಕೂರಲೂ ಇಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದೆ. ಸುಳ್ಳು.

ಇವತ್ತು ಬೆಳಿಗ್ಗೆ ತಡೆಯಲಾಗದೆ ಕೇಳಿಬಿಟ್ಟೆ. "ಅಷ್ಟು ನೋವಾಗ್ತಿತ್ತು ಅಂತ ಮೊದಲೇ ಯಾಕೆ ಹೇಳ್ಲಿಲ್ಲ?"

ದೋಸೆ ಮಗುಚುತ್ತಿದ್ದ ಕೈ ನಿಂತಿತು. "ಯಾರ್ ಹೇಳಿದ್ರು ನಿಮ್ಗೆ? ಡಾಕ್ಟ್ರಿಗೂ ಹೇಳಿಲ್ಲ ನಾನು. ಅಮ್ಮಂಗೂ ಹೇಳಿಲ್ಲ."

ಬಾಗಿಲು ತೋರಿಸಿದೆ. ಆ ಸಂಜೆ ನಡೆದದ್ದನ್ನೆಲ್ಲ ಹೇಳಿದೆ. ಹುಚ್ಚು ಹಿಡಿದಿದೆಯಾ ಅನ್ನುತ್ತಾಳೆ ಅಂದುಕೊಂಡಿದ್ದೆ. ಒಲೆ ಆರಿಸಿ ಮೆಲ್ಲಗೆ ಕೇಳಿದಳು.

"ಮನೆಗೆ ಬರೋಕೆ ಭಯ ಆಗಿ ಗುಬ್ಬೀಲಿ ಬಸ್ ಬಿಡ್ತೀರಾ? ನೀವು ಮುಟ್ಟಿದ್ರೆ ನಾನು ಮುಖ ತಿರುಗಿಸ್ತೀನಿ ಅಂತ?"

"ಯಾರ್ ಹೇಳಿದ್ರು?"

"ನೀವೇ. ನಿಮ್ದೇ ದನಿ. ನೀವು ಕೂರ್ದೇ ಇದ್ರೂ ನಾನು ದಿನಾ ಒಳಗೆ ಕೂರ್ತಿದ್ದೆ ರೀ. ಶನಿವಾರ ಹಾಲಿಂದ ನೀವು ಮಾತಾಡಿದ್ರಿ. ಅಳ್ತಾನೂ ಇದ್ರಿ. ಬಾಗಿಲು ತೆಗೆದ್ರೆ ಹಾಲಲ್ಲಿ ಯಾರೂ ಇಲ್ಲ. ಅರ್ಧ ಗಂಟೆ ಆದ್ಮೇಲೆ ನೀವು ಗೇಟ್ ತೆಗೆದ್ರಿ."

ಬಸ್ ಬಿಡುತ್ತಿದ್ದುದು ನಿಜ, ಕಾರಣವೂ ಅದೇ. ಭಯದ ಮಾತನ್ನು ಈ ಡೈರಿಯಲ್ಲಿ ಕೂಡ ಬರೆದವನಲ್ಲ ನಾನು.

ಇಬ್ಬರೂ ರಜೆ ಹಾಕಿದೆವು. ಅಡುಗೆಮನೆಯ ನೆಲದಲ್ಲೇ ಎದುರು ಬದುರು ಕೂತು ಮಾತಾಡಿದೆವು. ಎಲ್ಲಿ ನೋವು, ಯಾವಾಗ ಬೇಕು, ಯಾವಾಗ ಬೇಡ, ಏನು ಮಾಡಿದರೆ ಇಷ್ಟ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳಿದಳು, ಆಮೇಲೆ ಸೆರಗು ತೆಗೆದು ಹೇಳಿದಳು. ನನ್ನ ಕಿವಿ ಬಿಸಿಯಾಗಿತ್ತು. ಕಾವಲಿಯ ಮೇಲಿನ ದೋಸೆ ಅಲ್ಲೇ ಒಣಗಿತು.

11 ಜುಲೈ

ಡಾಕ್ಟರಮ್ಮನ ಬಳಿ ಇಬ್ಬರೂ ಹೋಗಿ ಬಂದೆವು. ನೋವಿಗೆ ಚಿಕಿತ್ಸೆ ಇದೆಯಂತೆ. ಆತುರ ಬೇಡ ಎಂದರು. ದಿವಾನ್ ಬಿಟ್ಟೆ. ಕೈ ಹಿಡಿದು ಮಲಗುತ್ತೇವೆ. ಸದ್ಯಕ್ಕೆ ಅಷ್ಟೇ. ಬೆಡ್‌ರೂಮ್ ಬಾಗಿಲು ಮುಚ್ಚದಂತೆ ಕುರ್ಚಿ ಅಡ್ಡ ಇಟ್ಟಿದ್ದೇವೆ.

14 ಜುಲೈ, ಭಾನುವಾರ, ಬೆಳಿಗ್ಗೆ 11

ಹಾಲ್‌ನಲ್ಲಿದ್ದೇವೆ, ಇಬ್ಬರೂ. ಕುರ್ಚಿ ಪಕ್ಕಕ್ಕೆ ಸರಿದಿದೆ. ಬಾಗಿಲು ಮುಚ್ಚಿದೆ. ನಾವು ಮುಟ್ಟಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಒಳಗೆ ಸುಮನಾಳ ದನಿ. "ರೀ, ಇನ್ನೊಂದಿದೆ. ಅದನ್ನ ಹೇಳೇ ಇಲ್ಲ..."

ಪಕ್ಕದಲ್ಲಿರುವ ಸುಮನಾ ಬಿಳಿಚಿಕೊಂಡಿದ್ದಾಳೆ. "ಇದೆಯಾ?" ಎಂದೆ. ಹೌದೆಂದು ತಲೆಯಾಡಿಸಿದಳು. ನನ್ನ ತೋಳು ಹಿಡಿದುಕೊಂಡಿದ್ದಾಳೆ, ಉಗುರು ಚುಚ್ಚುವಷ್ಟು ಬಿಗಿಯಾಗಿ.

"ಅದ್ರ ಬಾಯಿಂದ ಕೇಳ್ಬೇಡಿ. ನಾನೇ ಹೇಳ್ತೀನಿ. ಬರೆಯೋದ್ ಬಿಡಿ, ನನ್ ಮುಖ ನೋಡಿ."

ಒಳಗಿನದು ಶುರು ಮಾಡಿದೆ. ಇವಳೂ. ಎರಡೂ ಒಂದೇ ದನಿ. ಇವಳ ತುಟಿ ನೋಡಿದರೆ ಮಾತ್ರ ಯಾವುದು ಇವಳ ಮಾತೆಂದು ತಿಳಿಯುತ್ತದೆ. ಪೆನ್ನು ಇಡುತ್ತೇನೆ.