ಕ್ಯಾರಿಯರ್ ಬಿಚ್ಚಿಡು

ತಮ್ಮಾ,

ನಾನು ಬಸ್ಸಿನಲ್ಲಿ ಆಸ್ಪತ್ರೆಗೆ ಹೊರಟೆ. ಎದ್ದ ಕೂಡಲೇ ಕಾರಿನ ಮೇಲಿನ ಕ್ಯಾರಿಯರ್ ಬಿಚ್ಚು. ಸ್ಪ್ಯಾನರ್ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ. ಅಮ್ಮನ ಗಾಲಿಕುರ್ಚಿ ಇಡಲೆಂದೇ ನೀನು ಕಳೆದ ವಾರ ಅದನ್ನು ಹಾಕಿಸಿದ್ದೆ, ನನಗೆ ಗೊತ್ತು. ಇನ್ನು ಮೇಲೆ ಕುರ್ಚಿ ಹಿಂದಿನ ಸೀಟಿನಲ್ಲಿರಲಿ.

ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಕೆಟ್ಟಾಗಿನಿಂದ ನಾವು ಓಡಾಟ ಎಣಿಸಿಯೇ ಪೆಟ್ರೋಲ್ ಹಾಕಿಸುತ್ತಿದ್ದೆವಲ್ಲ, ಹತ್ತು ಲೀಟರಿಗೆ ಆಸ್ಪತ್ರೆಗೆ ನಾಲ್ಕು ಸಲ ಎಂದು? ನಿನ್ನೆ ನಾಲ್ಕನೆಯ ಸಲ ಅಮ್ಮನನ್ನು ಕರೆದೊಯ್ಯುವಾಗಲೇ ಹೆದ್ದಾರಿಯ ನಡುವೆ ಕಾರು ನಿಂತಿತು. ತಲೆಯ ಮೇಲೆ ಕ್ಯಾರಿಯರ್, ಕುರ್ಚಿ ಎಲ್ಲ ಹೊತ್ತುಕೊಂಡು ಗಾಳಿಗೆ ಎದುರಾಗಿ ಓಡಿದರೆ ಎಂಜಿನ್ ಹೆಚ್ಚು ಕುಡಿಯದೆ ಇರುತ್ತದೆಯೇ ಎಂದರು ಮೆಕ್ಯಾನಿಕ್. ಪೆಟ್ರೋಲ್ ಬರುವಷ್ಟರಲ್ಲಿ ಅಮ್ಮನ ಆಕ್ಸಿಜನ್ ಸಿಲಿಂಡರ್ ಮುಗಿದಿತ್ತು.

ವಾರದಿಂದ ಕ್ಯಾರಿಯರಿನಲ್ಲಿ ಗಾಳಿ ಸಿಳ್ಳೆ ಹಾಕುತ್ತಿದ್ದುದು ನನಗೂ ಕೇಳಿಸುತ್ತಿತ್ತು. ನಿನ್ನ ಖುಷಿ ಕೆಡಿಸಬಾರದೆಂದು ಸುಮ್ಮನಿದ್ದೆ. ನಿನ್ನನ್ನು ಬೈಯಲು ನನಗೆ ಬಾಯಿಲ್ಲ.

ಊಟ ಮುಚ್ಚಿಟ್ಟಿದ್ದೇನೆ, ಉಣ್ಣದೆ ಬರಬೇಡ.

ನಿನ್ನೆ ಸಂಜೆ ಸ್ವಲ್ಪ ಎಚ್ಚರವಾದಾಗ ಅಮ್ಮ ಹೇಳಿದ್ದು ಇಷ್ಟೇ: “ಅವನಿಗೇನೂ ಅನ್ಬೇಡ ಕಣೇ. ಪೆಟ್ರೋಲ್ ಹಾಕ್ಸೋದು ನಾನೇ ಮರೆತೆ ಅಂದ್ಬಿಡು.” ಒಂದು ದಿನವೂ ಸ್ಟಿಯರಿಂಗ್ ಮುಟ್ಟದವಳು!

ರಾತ್ರಿಯಿಂದ ಕಣ್ಣು ತೆರೆದಿಲ್ಲವಂತೆ, ಈಗಷ್ಟೇ ನರ್ಸ್ ಫೋನ್ ಮಾಡಿದ್ದರು. ಬಂದು ಅವಳ ಪಕ್ಕ ಕುಳಿತುಕೊ. ಪೆಟ್ರೋಲ್ ಯಾರು ಮರೆತರೆಂದು ಯಾರಾದರೂ ಕೇಳಿದರೆ, ಅವಳು ಹೇಳಿದಂತೆಯೇ ಅಮ್ಮ ಎಂದು ಹೇಳು.

ಅಕ್ಕ